ಇಂಜಿನ್ನಿಗೆ ಕರೆಂಟಿನ ವಾಟರ್ ಪಂಪ್: ಯಾವ ಗಾಡಿಗೆ ಬೇಕು, ಯಾವುದಕ್ಕೆ ಬೇಡ

ಹೊಸಹೊಳಲಿನ ಕಬ್ಬು ಎಳೆದುಕೊಂಡು ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಬಂದ ಗಾಡಿ ಸಾಲಿನಲ್ಲಿ ನಿಂತೊಡನೆ ಹೀಟಿನ ಮುಳ್ಳು ಮೇಲೇರುವುದುಂಟು. ಓಡುವಾಗ ಸರಿಯಿದ್ದದ್ದು ನಿಂತಾಗ ಏಕೆ ಕಾಯುತ್ತದೆ? ಕಾರಣದ ಒಂದು ಪಾಲು ವಾಟರ್ ಪಂಪಿನಲ್ಲಿದೆ.

ಇಂಜಿನ್ನಿನಲ್ಲಿ ಕಾದ ನೀರು ರೇಡಿಯೇಟರಿಗೆ ಹೋಗಿ, ಆರಿ, ಮತ್ತೆ ಒಳಗೆ ಬರುವಂತೆ ತಳ್ಳುವುದು ಈ ಪಂಪು. ಅದರೊಳಗೆ ಇಂಪೆಲರ್, ಅಂದರೆ ನೀರು ತಳ್ಳುವ ರೆಕ್ಕೆಗಾಲಿ ಇರುತ್ತದೆ. ಇಂಜಿನ್ನಿನಿಂದಲೇ ತಿರುಗುವ ಬೆಲ್ಟು ಅದನ್ನು ತಿರುಗಿಸುತ್ತದೆ. ಹಾಗಾಗಿ ಇಂಜಿನ್ ಜೋರಾದರೆ ನೀರೂ ಜೋರು, ಇಂಜಿನ್ ನಿಧಾನವಾದರೆ ನೀರೂ ನಿಧಾನ. ಆಫ್ ಮಾಡಿದರಂತೂ ನೀರಿನ ಓಟವೇ ನಿಲ್ಲುತ್ತದೆ. ಕಾವು ಮಾತ್ರ ಒಳಗೇ ಉಳಿಯುತ್ತದೆ.

ಎಲೆಕ್ಟ್ರಿಕ್ ಪಂಪಿನಲ್ಲಿ ಬೆಲ್ಟಿನ ಬದಲು 12 ವೋಲ್ಟಿನ ಮೋಟಾರಿದೆ. ಸೆನ್ಸರ್ ನೀರಿನ ಬಿಸಿ ಅಳೆಯುತ್ತದೆ. ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಅದನ್ನು ನೋಡಿ ಪಂಪಿನ ವೇಗ ಏರಿಸಿ ಇಳಿಸುತ್ತದೆ. ಇಂಜಿನ್ ಆರಿಸಿದ ಮೇಲೂ ಕೆಲ ನಿಮಿಷ ನೀರು ಹರಿಸಬಲ್ಲದು. 2009ರಲ್ಲಿ ಬಂದ ಟೊಯೋಟಾ ಪ್ರಿಯಸ್ ಇಂಜಿನ್ನಿನಲ್ಲಿ ಈ ಬೆಲ್ಟೇ ಇರಲಿಲ್ಲ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲೂ ಕರೆಂಟಿನ ಪಂಪೇ ಇದೆ.

ಹಾಗಾದರೆ ನನ್ನ ಟ್ರ್ಯಾಕ್ಟರಿಗೂ ಹಾಕಿಸಲೇ? ಬೇಡ ಎನ್ನುತ್ತೇನೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಫ್ಯಾನು ಕೂತಿರುವುದೇ ವಾಟರ್ ಪಂಪಿನ ಶಾಫ್ಟಿನ ಮೇಲೆ. ಪಂಪು ತೆಗೆದರೆ ಫ್ಯಾನೂ ಹೋಯಿತು. ಅಲ್ಲದೆ ಟ್ರ್ಯಾಕ್ಟರ್ ಕಾಯಲು ಸಾಮಾನ್ಯ ಕಾರಣವೇ ಬೇರೆ: ಕಬ್ಬಿನ ತರಗು, ಭತ್ತದ ಹೊಟ್ಟು, ಧೂಳು ರೇಡಿಯೇಟರಿನ ಸಂದುಗಳಲ್ಲಿ ತುಂಬಿ ಗಾಳಿ ಕಟ್ಟುವುದು. ಒಳಗಡೆ ಬೋರ್‌ವೆಲ್ಲಿನ ಗಡಸು ನೀರು ಸುಣ್ಣದಂತೆ ಪದರುಗಟ್ಟುವುದು. ಈ ಎರಡಕ್ಕೂ ಯಾವ ಪಂಪೂ ಮದ್ದಲ್ಲ. ಮೊದಲು ರೇಡಿಯೇಟರ್ ತೊಳೆಸಿ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ತುಂಬಿಸಿ. ಬೆಲ್ಟಿನ ಬಿಗಿ ನೋಡಿ. ಎಷ್ಟೋ ಗಾಡಿಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ.

ಹಳೆಯ ಜೀಪು ಅಥವಾ ಇಂಜಿನ್ ಬದಲಾಯಿಸಿದ ಕಾರು ಇಟ್ಟುಕೊಂಡವರಿಗೆ ಕರೆಂಟಿನ ಪಂಪು ಉಪಯೋಗಕ್ಕೆ ಬರಬಹುದು. ಆದರೆ ಆಲ್ಟರ್ನೇಟರಿನ, ಅಂದರೆ ಕರೆಂಟು ಹುಟ್ಟಿಸುವ ಯಂತ್ರದ, ಲೆಕ್ಕ ಹಾಕಿ. ಪಂಪು ಸುಮಾರು 10 ಆಂಪಿಯರ್ ಎಳೆಯುತ್ತದೆ. ಎರಡು ಹೆಡ್‌ಲೈಟಿಗೆ ಹೆಚ್ಚುಕಡಿಮೆ ಅಷ್ಟೇ ಬೇಕು. ಜೀಪಿನ ಫ್ಯಾನೂ ಪಂಪಿನ ಮೇಲೇ ಇದ್ದರೆ ಎಲೆಕ್ಟ್ರಿಕ್ ಫ್ಯಾನಿನ ಹೊರೆ ಬೇರೆ. ಹಳೆಯ ಡೈನಮೊ ಇದನ್ನು ತಾಳದು.

ಜೋಡಿಸುವಾಗ ಪಂಪನ್ನು ರೇಡಿಯೇಟರಿನ ಕೆಳಗಿನ ಹೋಸಿನಲ್ಲಿ, ಆದಷ್ಟು ತಗ್ಗಿನಲ್ಲಿ ಕೂರಿಸುತ್ತಾರೆ. ಬೆಲ್ಟು ಆಲ್ಟರ್ನೇಟರನ್ನೂ ತಿರುಗಿಸುತ್ತಿದ್ದರೆ ಹಳೆಯ ಪಂಪಿನ ಇಂಪೆಲರ್ ಮಾತ್ರ ಬಿಚ್ಚಿ, ಪುಲ್ಲಿ ಹಾಗೇ ಬಿಡಬಹುದು. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಕೈ ಹಾಕಬೇಡಿ. ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಕವಾಟ, ತೆಗೆಯಬೇಕೇ ಎಂಬುದು ಕಿಟ್ಟಿನ ಮೇಲೆ ನಿಂತಿದೆ. ಕೈಪಿಡಿ ಓದಿ. ರಿಲೇ, ಫ್ಯೂಸ್ ತಪ್ಪಿಸಬೇಡಿ. ಕೊನೆಗೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಪೂರ್ತಿ ಹೊರಹಾಕಿಸಿ.

ನೀರು ಮಿತಿಮೀರಿ ಕಾದರೆ ಕೂಗುವ ಬಜರ್ ಹಾಕಿಸಲೇಬೇಕು. ಬೆಲ್ಟಿನ ಪಂಪು ಕೆಡುವ ಮುಂಚೆ ಸಾಮಾನ್ಯವಾಗಿ ನೀರು ತೊಟ್ಟಿಕ್ಕುತ್ತದೆ, ಕಿರಗುಟ್ಟುತ್ತದೆ. ಕರೆಂಟಿನ ಪಂಪಿನ ಮೋಟಾರು ಸದ್ದಿಲ್ಲದೆ ನಿಂತುಬಿಡಬಹುದು. ಮುಳ್ಳು ನೋಡುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತದೆ.

ಖರ್ಚು? ಬೆಲ್ಟಿನ ಪಂಪು ಸಾಮಾನ್ಯ ಗಾಡಿಗಳಿಗೆ ಕೆಲವೇ ಸಾವಿರ ರೂಪಾಯಿ. ಆಸ್ಟ್ರೇಲಿಯದ ಡೇವಿಸ್ ಕ್ರೇಗ್ ಕಂಪನಿಯಂಥವರ ಪೂರ್ತಿ ಕಿಟ್ಟು ಕಂಟ್ರೋಲರ್ ಸೇರಿ 20,000 ರೂಪಾಯಿ ದಾಟುತ್ತದೆ. ತರಿಸುವ ಖರ್ಚು, ಕೂಲಿ ಬೇರೆ. ಅವರ ಪಂಪುಗಳ ಮೇಲಿನ 80, 115, 150 ಎಂಬ ಅಂಕಿ ನಿಮಿಷಕ್ಕೆ ಹರಿಸುವ ಲೀಟರ್ ಲೆಕ್ಕ. ವಾರಂಟಿ ಉಳಿದಿರುವ ಗಾಡಿಯಾದರೆ ಶೋರೂಮಿನಲ್ಲಿ ಮೊದಲು ಕೇಳಿ. ಬೆಲ್ಟಿನ ಪಂಪು ಕೆ.ಆರ್. ಪೇಟೆ, ಮೈಸೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಎಲೆಕ್ಟ್ರಿಕ್ ಕಿಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಅಥವಾ ಆನ್‌ಲೈನ್. ದುಡ್ಡು ಕೊಡುವ ಮುಂಚೆ ಸೆನ್ಸರ್, ಕಂಟ್ರೋಲರ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿಕೊಳ್ಳಿ.