ಪ್ರಶ್ನೆ ಎಂದರೆ ಹಿಂದುಮುಂದಾದ ಹೇಳಿಕೆಯೇ?

‘ಕೊಂಡ’ ಎಂದ ಕೂಡಲೇ ಯಾರು, ಏನನ್ನು ಎಂದು ಕೇಳಬೇಕೆನಿಸುತ್ತದೆ. ಒಂದು ಪದ ಇನ್ನೊಂದನ್ನು ಹೀಗೆ ಬಯಸುವುದಕ್ಕೆ ನಮ್ಮ ಮೀಮಾಂಸಕರು ಆಕಾಂಕ್ಷೆ ಎಂದರು. ಕ್ಯಾಟಗೋರಿಯಲ್ ವ್ಯಾಕರಣ ಹುಟ್ಟಿದ್ದು ಬೇರೆಡೆ, ಆದರೆ ಅದರ ನೋಟವೂ ಇದಕ್ಕೆ ಹತ್ತಿರದ್ದು. ಪದಕ್ಕೆ ಏನು ಬೇಕು, ಯಾವ ಕಡೆಯಿಂದ ಬೇಕು, ಸಿಕ್ಕಿದ ಮೇಲೆ ಅದು ಏನಾಗುತ್ತದೆ ಎಂಬುದನ್ನು ಇಲ್ಲಿ ಪದದ ‘ವರ್ಗ’ವೇ ಹೇಳುತ್ತದೆ. ಕನ್ನಡದ ‘ಕೊಂಡ’ ಪದದ ವರ್ಗ (ವಾಕ್ಯ\ನಾಮ)\ನಾಮ: ಕರ್ಮವೂ ಕರ್ತೃವೂ ಎಡಗಡೆಯಿಂದ ಬರಬೇಕು. ಇಂಗ್ಲಿಷಿನ ‘ಬಾಟ್’ ಆದರೆ (ವಾಕ್ಯ\ನಾಮ)/ನಾಮ: ಕರ್ಮ ಬಲಕ್ಕೆ, ಕರ್ತೃ ಎಡಕ್ಕೆ. ಪ್ರಶ್ನೆಗಳನ್ನು ಈ ಲೆಕ್ಕಕ್ಕೆ ತರುವಾಗ ಕೆಲವು ತಪ್ಪು ಕಲ್ಪನೆಗಳು ಅಡ್ಡ ಬರುತ್ತವೆ.

ತಪ್ಪು ಕಲ್ಪನೆ 1: ಇದು ಕಂಪ್ಯೂಟರ್‌ಗಾಗಿ ಹುಟ್ಟಿದ ಹೊಸ ವ್ಯಾಕರಣ.

ಸತ್ಯ: ಪೋಲೆಂಡಿನ ತರ್ಕಶಾಸ್ತ್ರಜ್ಞ ಕಾಜಿಮಿಯೆಶ್ ಆಯ್ದುಕಿಯೆವಿಚ್ ಇದರ ಮೂಲರೂಪವನ್ನು 1935ರಲ್ಲೇ ಮುಂದಿಟ್ಟ. ಎಡ–ಬಲದ ಭೇದವನ್ನು 1953ರಲ್ಲಿ ಬಾರ್-ಹಿಲೆಲ್ ಸೇರಿಸಿದ. 1958ರಲ್ಲಿ ಲ್ಯಾಂಬೆಕ್ ಅದನ್ನು ಪೂರ್ಣ ತರ್ಕವ್ಯವಸ್ಥೆಯಾಗಿಸಿದ.

ತಪ್ಪು ಕಲ್ಪನೆ 2: ಹೇಳಿಕೆಯ ಪದಗಳನ್ನು ಸರಿಸಿದರೆ ಪ್ರಶ್ನೆಯಾಗುತ್ತದೆ.

ಸತ್ಯ: ಶಾಲೆಯ ಇಂಗ್ಲಿಷ್ ಪಾಠವೂ ಚಾಮ್‌ಸ್ಕಿ ಪರಂಪರೆಯೂ ‘ಸರಿಸುವ’ ಭಾಷೆಯಲ್ಲೇ ಮಾತಾಡುತ್ತವೆ. ಮಾರ್ಕ್ ಸ್ಟೀಡ್‌ಮನ್ ಬೆಳೆಸಿದ ಕಾಂಬಿನೇಟರಿ ಕ್ಯಾಟಗೋರಿಯಲ್ ವ್ಯಾಕರಣದಲ್ಲಿ ಯಾವ ಪದವೂ ಜಾಗ ಬಿಟ್ಟು ಕದಲುವುದಿಲ್ಲ. ‘ವಾಟ್ ಡಿಡ್ ಮೇರಿ ಬೈ?’ ಎಂಬುದನ್ನೇ ನೋಡಿ. ‘ಡಿಡ್’ಗೆ ಮೊದಲು ಕರ್ತೃ ಬೇಕು, ಆಮೇಲೆ ಕ್ರಿಯಾಖಂಡ ಬೇಕು. ಮೇರಿ ಸಿಕ್ಕಳು. ‘ಬೈ’ ಕೂಡಿತು, ಆದರೆ ಅದಕ್ಕೆ ಕರ್ಮ ಸಿಕ್ಕಿಲ್ಲ. ಸಂಯೋಜನೆಯ ನಿಯಮ ಆ ಕೊರತೆಯನ್ನು ಹಾಗೆಯೇ ಮುಂದಕ್ಕೆ ಒಯ್ಯುತ್ತದೆ. ‘ಡಿಡ್ ಮೇರಿ ಬೈ’ ಇಡಿಯಾಗಿ ಪ್ರಶ್ನೆ/ನಾಮ ಆಗುತ್ತದೆ. ‘ವಾಟ್’ ಕಾಯುತ್ತಿರುವುದು ಇಂಥ ಕೊರತೆಯುಳ್ಳ ತುಂಡಿಗೇ. ಪ್ರಶ್ನೆಯ ಗುಟ್ಟೆಲ್ಲ ಪದಗಳ ವರ್ಗದಲ್ಲೇ ಇದೆ.

ತಪ್ಪು ಕಲ್ಪನೆ 3: ಪ್ರಶ್ನಾರ್ಥಕ ಪದ ವಾಕ್ಯದ ಮೊದಲಲ್ಲೇ ಇರಬೇಕು, ಇಲ್ಲದಿದ್ದರೆ ಈ ಲೆಕ್ಕ ನಡೆಯದು.

ಸತ್ಯ: ‘ರವಿ ಸಂತೆಯಲ್ಲಿ ಏನು ಕೊಂಡ?’ ಎನ್ನುವಾಗ ‘ಏನು’ ಕೂತಿರುವುದು ಕರ್ಮದ ಜಾಗದಲ್ಲೇ. ಜಪಾನಿ, ಚೀನೀ ಭಾಷೆಗಳ ರೂಢಿಯೂ ಇದೇ. ಇಂಥ ಪದಗಳಿಗಾಗಿ ಮೈಕೆಲ್ ಮೂರ್ಟ್‌ಗಾಟ್ ಮೂರು ಭಾಗದ ವರ್ಗವೊಂದನ್ನು ರೂಪಿಸಿದರು: ಪದ ಯಾವುದರ ಜಾಗದಲ್ಲಿ ಕೂರುತ್ತದೆ (ನಾಮ), ಯಾವುದರ ಮೇಲೆ ಅಧಿಕಾರ ನಡೆಸುತ್ತದೆ (ವಾಕ್ಯ), ಅದನ್ನು ಏನಾಗಿಸುತ್ತದೆ (ಪ್ರಶ್ನೆ). ಪ್ರಶ್ನಾಪದ ಮೊದಲಿಗೆ ಬರುವ ಭಾಷೆಗಳನ್ನೂ ಇದ್ದಲ್ಲೇ ಇರುವ ಭಾಷೆಗಳನ್ನೂ ಒಂದೇ ಚೌಕಟ್ಟಿನಲ್ಲಿ ವಿವರಿಸುವುದೇ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಬಂದ ವಿಲೆಮೈನ್ ವರ್ಮಾಟ್ ಅವರ ಪ್ರಬಂಧದ ವಸ್ತು.

ತಪ್ಪು ಕಲ್ಪನೆ 4: ಹೌದು–ಇಲ್ಲ ಪ್ರಶ್ನೆ ಸುಲಭ, ಕೊನೆಗೊಂದು ‘ಆ’ ಸೇರಿಸಿದರೆ ಮುಗಿಯಿತು.

ಸತ್ಯ: ‘ರವಿ ಬಂದನಾ?’ ಎಂಬಲ್ಲಿ ಇದು ನಿಜ. ಪ್ರತ್ಯಯಕ್ಕೆ ಪ್ರಶ್ನೆ\ವಾಕ್ಯ ಎಂಬ ವರ್ಗ ಕೊಟ್ಟರೆ ಸಾಕು: ಎಡಗಡೆಯ ವಾಕ್ಯವನ್ನು ತೆಗೆದುಕೊಂಡು ಪ್ರಶ್ನೆಯಾಗಿಸುತ್ತದೆ. ಆದರೆ ‘ರವೀನಾ ಬಂದಿದ್ದು?’ ಎಂದರೆ ಬಂದದ್ದರ ಬಗ್ಗೆ ಅನುಮಾನವಿಲ್ಲ, ಬಂದವನು ಯಾರೆಂಬುದೇ ಅನುಮಾನ. ಇಲ್ಲಿ ‘ಆ’ ಹಿಡಿದಿರುವುದು ಹೆಸರನ್ನು, ಕ್ರಿಯಾಪದದ ರೂಪವೂ ಬದಲಾಗಿದೆ. ಅದೇ ಪ್ರತ್ಯಯಕ್ಕೆ ಇನ್ನೊಂದು ವರ್ಗ ಬೇಕಾಯಿತು.

ತಪ್ಪು ಕಲ್ಪನೆ 5: ಪ್ರಶ್ನೆ ನಿಜವೂ ಅಲ್ಲ, ಸುಳ್ಳೂ ಅಲ್ಲ, ಆದ್ದರಿಂದ ತರ್ಕಕ್ಕೆ ಅದರ ಅರ್ಥ ದಕ್ಕದು.

ಸತ್ಯ: ಪ್ರಶ್ನೆಯ ಅರ್ಥವೆಂದರೆ ಅದಕ್ಕೆ ಸಾಧ್ಯವಿರುವ ಉತ್ತರಗಳ ಗಣ ಎಂದು 1973ರಲ್ಲಿ ಹ್ಯಾಂಬ್ಲಿನ್ ವಿವರಿಸಿದ. 1977ರಲ್ಲಿ ಕಾರ್ಟುನೆನ್ ಅದನ್ನು ನಿಜವಾದ ಉತ್ತರಗಳಿಗೆ ಸೀಮಿತಗೊಳಿಸಿದ. ಕ್ಯಾಟಗೋರಿಯಲ್ ದಾರಿಯಲ್ಲಿ ಪ್ರಶ್ನೆಯೂ ಉತ್ತರಕ್ಕೆ ಕಾಯುವ ಒಂದು ಫಲನ. ‘ಯಾರು ಬಂದರು?’ ಎಂದವರಿಗೆ ‘ರವಿ’ ಎಂಬ ಒಂದೇ ಪದ ಸಾಕಾಗುವುದು ಇದರಿಂದಲೇ: ಎರಡೂ ಕೂಡಿದಾಗ ನಿಜವೋ ಸುಳ್ಳೋ ಆಗಬಲ್ಲ ಹೇಳಿಕೆ ಸಿದ್ಧ.

ತಪ್ಪು ಕಲ್ಪನೆ 6: ಹೇಳಿಕೆಗಳನ್ನು ಬಿಡಿಸಲು ಕಲಿತ ಪಾರ್ಸರ್‌ಗೆ ಪ್ರಶ್ನೆಗಳು ತಾವಾಗಿಯೇ ಒಲಿಯುತ್ತವೆ.

ಸತ್ಯ: ಪತ್ರಿಕಾ ಬರಹದಲ್ಲಿ ಪ್ರಶ್ನೆಗಳು ಅಪರೂಪ. ವಾಲ್ ಸ್ಟ್ರೀಟ್ ಜರ್ನಲ್ ವಾಕ್ಯಗಳಿಂದ ಕಲಿತ ಪಾರ್ಸರ್ ‘ವಾಟ್’ ಪ್ರಶ್ನೆಗಳ ಮುಂದೆ ಎಡವಿತೆಂದು 2004ರಲ್ಲಿ ಕ್ಲಾರ್ಕ್, ಸ್ಟೀಡ್‌ಮನ್, ಕರ್ರನ್ ತೋರಿಸಿದರು. ಪರಿಹಾರಕ್ಕೆ ಅವರು ಪ್ರಶ್ನೆಗಳ ಪೂರ್ಣ ರಚನೆಯನ್ನು ಬಿಡಿಸಿಡಲಿಲ್ಲ. ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಲ್ಲಿ ಪ್ರತಿ ಪದದ ವರ್ಗವನ್ನಷ್ಟೇ ಗುರುತಿಸಿ ತರಬೇತಿಗೆ ಸೇರಿಸಿದರು. ಫಲಿತಾಂಶ ಬಹಳ ಸುಧಾರಿಸಿತು. ಪದದ ವರ್ಗ ಸರಿಯಾದರೆ ಹೆಚ್ಚಿನ ಕೆಲಸ ಮುಗಿದಂತೆಯೇ. ಕನ್ನಡಕ್ಕೆ ಪದಗಳ ಇಂಥ ವರ್ಗಕೋಶ ಕಟ್ಟುವವರು ‘ವಾಟ್’ನ ವರ್ಗವನ್ನು ‘ಏನು’ವಿಗೆ ಅಂಟಿಸಿದರೆ ಅದು ಮೊದಲ ವಾಕ್ಯದಲ್ಲೇ ಕೈಕೊಡುತ್ತದೆ, ‘ಏನು’ ಎಲ್ಲಿ ಕೂರುತ್ತದೆ, ‘ಆ’ ಯಾವುದನ್ನು ಹಿಡಿಯುತ್ತದೆ ಎಂಬುದನ್ನು ಕನ್ನಡದ ವಾಕ್ಯಗಳಿಂದಲೇ ತಿಳಿಯಬೇಕು.