ಹಗಲು ಕಂಡ ಗೋಡೆ, ಇರುಳು ಕಂಡ ಬಾಗಿಲು



ಅಕ್ಟೋಬರ್ 15 ಆವಿಲಾದ ಸಂತ ತೆರೇಸಾರ ಹಬ್ಬ. ಸ್ಪೇನ್ ದೇಶದ ಆವಿಲಾ ಕೋಟೆಯೊಳಗಿನ ಊರು. ಸುಮಾರು ಎರಡೂವರೆ ಕಿಲೋಮೀಟರ್ ಸುತ್ತಳತೆಯ ಕಲ್ಲುಗೋಡೆ, 80ಕ್ಕೂ ಹೆಚ್ಚು ಬುರುಜುಗಳು, 9 ಬಾಗಿಲುಗಳು. 1515ರಲ್ಲಿ ಜನಿಸಿದ ತೆರೇಸಾ ಈ ಗೋಡೆಯ ನೆರಳಿನಲ್ಲೇ ಬೆಳೆದರು. 1577ರಲ್ಲಿ ಬರೆದ ‘ಆಂತರ್ಯದ ಕೋಟೆ’ಯಲ್ಲಿ ಅವರು ಆತ್ಮವನ್ನು ಹಲವು ಕೋಣೆಗಳ ಕೋಟೆಗೆ ಹೋಲಿಸಿದರು. ಅದರೊಳಗೆ ಹೋಗುವ ಬಾಗಿಲೇ ಪ್ರಾರ್ಥನೆ.

ಆವಿಲಾ ನಮಗೆ ಬಲು ದೂರ. ಆದರೆ ಜಮಖಂಡಿಯಿಂದ ಹೊರಟು ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ದಾಟಿದರೆ ವಿಜಯಪುರ ಹತ್ತಿರವೇ ಇದೆ. ಕೆಲವು ಕುಟುಂಬಗಳೊಡನೆ ನಾವು ಅಲ್ಲಿ ಒಂದು ಹಗಲು, ಒಂದು ಇರುಳು ಕಳೆದೆವು.

ಹಗಲಿನಲ್ಲಿ ಕಂಡದ್ದು ಅರಸರ ಬಲ. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1565ರಲ್ಲಿ ಪೂರ್ಣಗೊಂಡ ಕೋಟೆಗೋಡೆ ಸುಮಾರು 10 ಕಿಲೋಮೀಟರ್ ಸುತ್ತುತ್ತದೆ. ಐದು ದೊಡ್ಡ ಬಾಗಿಲುಗಳು, ಹೊರಗೆ ಕಂದಕ. ಬುರುಜಿನ ಮೇಲೆ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು. ತೂಕ ಸುಮಾರು 55 ಟನ್. ಅದರ ಬಾಯಿ ಸಿಂಹದ ಬಾಯಿಯಂತಿದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಬಿದ್ದಿದೆ. ಮಕ್ಕಳು ಉಪ್ಪಲಿ ಬುರುಜಿನ ಸುತ್ತು ಮೆಟ್ಟಿಲು ಹತ್ತಿ ಊರನ್ನೆಲ್ಲ ನೋಡಿದರು; ಗೋಳಗುಮ್ಮಟದಲ್ಲಿ ತಮ್ಮದೇ ದನಿ ಮರಳಿ ಬರುವುದನ್ನು ಕೇಳಿ ನಕ್ಕರು.

ರಾತ್ರಿ ಊಟ ಮುಗಿಸಿ ಮತ್ತೆ ಹೊರಟೆವು. ಬಾರಾಕಮಾನಿನ ಅರ್ಧಕ್ಕೆ ನಿಂತ ಕಮಾನುಗಳು ಕತ್ತಲೆಯಲ್ಲಿ ಇನ್ನೂ ಎತ್ತರವಾಗಿ ಕಂಡವು. ಕೋಟೆಯ ಬಾಗಿಲಿನಲ್ಲಿ ಕಾವಲಿಲ್ಲ. ಆಟೋಗಳು, ಸೈಕಲ್ಲುಗಳು, ಮನೆಗೆ ಮರಳುವ ಕೂಲಿಯವರು ಸರಾಗವಾಗಿ ಹಾದುಹೋಗುತ್ತಿದ್ದರು. ಆಗ ಒಬ್ಬ ತಾಯಿ ಕೇಳಿದರು: “ಫಾದರ್, ಇಷ್ಟು ದಪ್ಪ ಗ್ವಾಡಿ ಇದ್ರೂ ಊರು ಹ್ಯಾಂಗ ಬಿತ್ರೀ?”

ಔರಂಗಜೇಬನ ಸೈನ್ಯ ಸುಮಾರು ಒಂದೂವರೆ ವರ್ಷ ಮುತ್ತಿಗೆ ಹಾಕಿತ್ತು. ಒಳಗೆ ಕಾಳುಕಡಿ, ಮೇವು ತೀರಿ, ಮನುಷ್ಯರೂ ಕುದುರೆಗಳೂ ಹಸಿವಿನಿಂದ ಸತ್ತರು. 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ ಸಿಕಂದರ್ ಶರಣಾದ. ಗೋಡೆ ನಿಂತೇ ಇತ್ತು; ಊರು ಬಿದ್ದಿತು.

ಮರುದಿನ ಮರಳುವಾಗ ಚಿಕ್ಕಪಡಸಲಗಿಯಲ್ಲಿ ಇನ್ನೊಂದು ಗೋಡೆ ನೋಡಿದೆವು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕಟ್ಟಿದ ಬ್ಯಾರೇಜು, ‘ಶ್ರಮಬಿಂದು ಸಾಗರ’. ಇದು ಯಾರನ್ನೂ ಹೊರಗಿಡುವ ಗೋಡೆಯಲ್ಲ. ನೀರು ಹಿಡಿದು ಹೊಲಗಳಿಗೆ ಹಂಚುವ ಗೋಡೆ.

ನಮ್ಮ ಮನೆಗಳಿಗೂ ಗೋಡೆ ಬೇಕು. ಆದರೆ ಹೊಲದ ಬದುವಿಗಾಗಿ ಜಗಳವಾಡಿ ಅಣ್ಣನಿಗೆ ಬಾಗಿಲು ಮುಚ್ಚಿದ ತಮ್ಮಂದಿರು ನಮ್ಮ ನಡುವೆಯೂ ಇದ್ದಾರೆ. ಅಂಥ ಗೋಡೆಯೊಳಗೆ ಪ್ರೀತಿಯೇ ಹಸಿವಿನಿಂದ ಸಾಯುತ್ತದೆ. ಪ್ರಕಟಣಾ ಗ್ರಂಥದ ಪವಿತ್ರ ನಗರಕ್ಕೂ ಎತ್ತರದ ಗೋಡೆಯಿದೆ, ಆದರೆ ಅದರ 12 ಬಾಗಿಲುಗಳು ಎಂದೂ ಮುಚ್ಚುವುದಿಲ್ಲ. ಈ ಹಬ್ಬದ ಬಲಿಪೂಜೆಗೆ ಬರುವ ಮುನ್ನ, ಮುಚ್ಚಿದ ಒಂದು ಬಾಗಿಲನ್ನಾದರೂ ಹೋಗಿ ತಟ್ಟೋಣ.