ಸೈಟಿನ ಮಳೆ ಸೈಟಿನಲ್ಲೇ ಇಂಗಲಿ

ಹೊಸ ಕಟ್ಟಡ, ಹೊಸ ಬಡಾವಣೆಗಳು ಹೊರಚೆಲ್ಲುವ ಮಳೆನೀರಿಗೆ ಹೊಣೆ ಯಾರು? ಬೆಂಗಳೂರಿನಲ್ಲಿ ನಿಯಮಗಳಿವೆ. ಅವು ನೆಲಕ್ಕಿಳಿಯಬೇಕಿದೆ.

ನೂರು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದದ್ದು 131.6 ಮಿ.ಮೀ. ಅಂದರೆ ಅಷ್ಟಗಲದ ಒಂದೊಂದು ಚಾವಣಿಯಿಂದಲೂ ಹದಿಮೂರು ಸಾವಿರ ಲೀಟರ್, ಹೆಚ್ಚುಕಡಿಮೆ ಎರಡು ಟ್ಯಾಂಕರ್ ನೀರು. ಅದು ಇಂಗಲು ಮಣ್ಣು ಸಿಗದೆ ರಸ್ತೆಗೆ ಬಿತ್ತು, ರಸ್ತೆಯಿಂದ ತಗ್ಗಿಗೆ ಹರಿಯಿತು. ಬೆಳಗಾಗುವಷ್ಟರಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದ್ದವು. ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು.

ಮಳೆ ಹೆಚ್ಚಾಗಿತ್ತು, ನಿಜ. ಆದರೆ ಅದೇ ಜಾಗ ರಾಗಿ ಹೊಲವಾಗಿದ್ದಾಗ ಬಿದ್ದ ನೀರಿನ ಒಂದು ಪಾಲನ್ನು ಮಣ್ಣು ಕುಡಿಯುತ್ತಿತ್ತು. ಉಳಿದದ್ದು ನಿಧಾನವಾಗಿ ಕೆರೆ ಸೇರುತ್ತಿತ್ತು. ಹೊಲದ ಮೇಲೆ ಕಾಂಕ್ರೀಟ್ ಹಾಸಿದರೆ ನೀರಿನ ಪ್ರಮಾಣವೂ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ಮೇಲಿನ ಬಡಾವಣೆ ಚೆಲ್ಲಿದ್ದನ್ನು ಕೆಳಗಿನ ಬಡಾವಣೆ ಉಣ್ಣಬೇಕಾಗುತ್ತದೆ.

ಕೋಡಿ ಬಿದ್ದ ನೀರಿನ ದಾರಿ

ಬೆಂಗಳೂರು ಕೂತಿರುವುದು ಎತ್ತರದ ದಿಣ್ಣೆಯ ಮೇಲೆ. ಇಲ್ಲಿಂದ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ದೊಡ್ಡ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಸರಣಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು.

ಆ ದಾರಿಯೇ ಈಗ ಕಿರಿದಾಗಿದೆ. ಮಹಾಲೇಖಪಾಲರು 2021ರಲ್ಲಿ ಹೊರತಂದ ವರದಿಯ ಪ್ರಕಾರ, 20ನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿ.ಮೀ. ಕಾಲುವೆಗಳಿದ್ದವು. 2016-17ರ ಹೊತ್ತಿಗೆ ಉಳಿದದ್ದು 63 ಕಿ.ಮೀ. ವೃಷಭಾವತಿ ಕಣಿವೆಯ 226 ಕಿ.ಮೀ. ಕಾಲುವೆ 112 ಕಿ.ಮೀ.ಗೆ ಇಳಿದಿತ್ತು. ನೀರು ಹೆಚ್ಚಾಯಿತು, ದಾರಿ ಅರ್ಧವಾಯಿತು. ಪ್ರವಾಹಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ನಿಯಮ ಏನು ಹೇಳುತ್ತದೆ?

ಇಲ್ಲಿ ಎರಡು ಬಗೆಯ ನಿಯಮಗಳಿವೆ. ಮೊದಲನೆಯದು ಕೆರೆ, ಕಾಲುವೆಗಳ ಬದಿಯಲ್ಲಿ ಜಾಗ ಬಿಡುವುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಸುತ್ತಲಿನ ಮೀಸಲು ವಲಯವನ್ನು 75 ಮೀಟರಿಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿದ್ದರಿಂದ 2015ರ ಪರಿಷ್ಕೃತ ನಗರ ಯೋಜನೆಯ ಅಳತೆಗಳೇ ಮತ್ತೆ ಜಾರಿಗೆ ಬಂದವು: ಕೆರೆಗೆ 30 ಮೀಟರ್, ಪ್ರಥಮ ಹಂತದ ರಾಜಕಾಲುವೆಗೆ 50, ದ್ವಿತೀಯ ಹಂತಕ್ಕೆ 25, ತೃತೀಯ ಹಂತಕ್ಕೆ 15.

ಎರಡನೆಯದು ಮಳೆನೀರು ಸಂಗ್ರಹ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಂತೆ 30x40 ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಕಟ್ಟುವ ಹೊಸ ಮನೆಗೆ ಇದು ಕಡ್ಡಾಯ. ಮಾಡದವರ ನೀರಿನ ಬಿಲ್ಲಿಗೆ ಜಲಮಂಡಳಿ ದಂಡ ಸೇರಿಸುತ್ತದೆ. ಮೊದಲು ಚಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರ್ ಹಿಡಿದರೆ ಸಾಕಿತ್ತು. ಬಳಿಕ ಅದನ್ನು 60ಕ್ಕೆ ಏರಿಸಲಾಯಿತು. ನೂರು ಚದರ ಮೀಟರ್ ಚಾವಣಿಗೆ ಆರು ಸಾವಿರ ಲೀಟರ್ ಎಂದರೆ 60 ಮಿ.ಮೀ. ಮಳೆ. ಊರಿನಲ್ಲಿ ಬೀಳುವ ಬಹುಪಾಲು ಮಳೆಗಳನ್ನು ತಡೆಯಲು ಇಷ್ಟು ಸಾಕು.

ಆದರೆ ಒಂದು ತೊಡಕಿದೆ. ಈ ನಿಯಮ ಹುಟ್ಟಿದ್ದು ಕುಡಿಯುವ ನೀರಿನ ಕೊರತೆಯಿಂದ, ಪ್ರವಾಹ ತಡೆಯಲೆಂದು ಅಲ್ಲ. ನಿನ್ನೆಯ ಮಳೆಗೆ ತುಂಬಿದ ಸಂಪು ಇಂದಿನ ಮಳೆಯನ್ನು ತಡೆಯದು, ಉಕ್ಕಿದ್ದೆಲ್ಲ ರಸ್ತೆಗೇ. ಆದ್ದರಿಂದ ಸಂಪಿನ ಜೊತೆಗೆ ಇಂಗುಬಾವಿ ಇರಲೇಬೇಕು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಒಂದು ಬಾವಿ ಸುಮಾರು ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ, ಹಿಡಿದದ್ದನ್ನು ನೆಲಕ್ಕೆ ಬಿಟ್ಟು ಮುಂದಿನ ಮಳೆಗೆ ಮತ್ತೆ ಜಾಗ ಮಾಡಿಕೊಡುತ್ತದೆ. ಇದನ್ನು ತೋಡಬಲ್ಲ ಮಣ್ಣು ವಡ್ಡರ ಕುಟುಂಬಗಳು ನಮ್ಮ ನಡುವೆಯೇ ಇವೆ. ಬೋರ್‌ವೆಲ್ ಬಂದು ಕೆಲಸ ಕಳೆದುಕೊಂಡಿದ್ದ ಅವರಿಗೆ ಇಂಗುಬಾವಿ ಮತ್ತೆ ಅನ್ನ ಕೊಡುತ್ತಿದೆ.

ಫಿಲಡೆಲ್ಫಿಯಾದ ಪಾಠ

ಅಮೆರಿಕದ ಫಿಲಡೆಲ್ಫಿಯಾ ನಗರ 2006ರಲ್ಲೇ ಹೊಸ ಕಟ್ಟಡಗಳ ಮಳೆನೀರಿಗೆ ಕಟ್ಟುನಿಟ್ಟಿನ ನಿಯಮ ತಂದಿತು. 15 ಸಾವಿರ ಚದರ ಅಡಿಗಿಂತ ಹೆಚ್ಚು ನೆಲವನ್ನು ಕೆದಕುವ ಯೋಜನೆ ಮೊದಲ ಒಂದು ಇಂಚು ಮಳೆಯನ್ನು ಅಲ್ಲೇ ನಿಭಾಯಿಸಬೇಕಿತ್ತು. 2015ರಲ್ಲಿ ಅದನ್ನು ಒಂದೂವರೆ ಇಂಚಿಗೆ ಏರಿಸಿದರು. ಅಲ್ಲದೆ 2010ರಿಂದ ಅಂಗಡಿ, ಕಾರ್ಖಾನೆಗಳಂಥ ಆಸ್ತಿಗಳು ಎಷ್ಟು ಜಾಗಕ್ಕೆ ಕಾಂಕ್ರೀಟು, ಡಾಂಬರು ಹಾಸಿವೆಯೋ ಅದಕ್ಕೆ ತಕ್ಕಂತೆ ಮಳೆನೀರು ಶುಲ್ಕ ಕಟ್ಟುತ್ತವೆ. ನೀರು ಇಂಗಿಸಿದವರಿಗೆ ಶುಲ್ಕದಲ್ಲಿ ರಿಯಾಯಿತಿ.

ನಮ್ಮ ಅಂಕಿ ಅವರದಕ್ಕಿಂತ ದೊಡ್ಡದು: ಅವರದು 38 ಮಿ.ಮೀ., ನಮ್ಮದು 60. ಕಾಗದದಲ್ಲಿ ನಾವು ಮುಂದಿದ್ದೇವೆ, ತೊಡಕಿರುವುದು ಜಾರಿಯಲ್ಲಿ. ನಮ್ಮಲ್ಲಿ ನಕ್ಷೆ ಮಂಜೂರು ಮಾಡುವವರು ಒಬ್ಬರು, ರಾಜಕಾಲುವೆ ನೋಡಿಕೊಳ್ಳುವವರು ಇನ್ನೊಬ್ಬರು, ಇಂಗುಬಾವಿ ಇದೆಯೇ ಎಂದು ನೋಡಬೇಕಾದವರು ಮತ್ತೊಬ್ಬರು. 2025ರಲ್ಲಿ ಪಾಲಿಕೆ ಐದಾಗಿ ಒಡೆದ ಮೇಲಂತೂ ಇವರೆಲ್ಲರ ನಡುವಿನ ಹೊಂದಾಣಿಕೆ ಇನ್ನಷ್ಟು ಅಗತ್ಯ, ಏಕೆಂದರೆ ನೀರಿಗೆ ಪಾಲಿಕೆಯ ಗಡಿ ಗೊತ್ತಿಲ್ಲ.

ಆಗಬೇಕಾದದ್ದು ಸ್ಪಷ್ಟವಾಗಿದೆ. ಬಡಾವಣೆ ಕಟ್ಟುವ ಮುನ್ನ ಆ ಜಾಗದಿಂದ ಎಷ್ಟು ನೀರು ಹೊರಗೆ ಹರಿಯುತ್ತಿತ್ತೋ ಕಟ್ಟಿದ ಮೇಲೂ ಅದಕ್ಕಿಂತ ಹೆಚ್ಚು ಹರಿಯಕೂಡದು ಎಂಬುದು ಮಂಜೂರಾತಿಯ ಷರತ್ತಾಗಬೇಕು. ಸಂಪು, ಇಂಗುಬಾವಿಗಳನ್ನು ಸ್ಥಳದಲ್ಲೇ ಪರೀಕ್ಷಿಸದೆ ಸ್ವಾಧೀನಾನುಭವ ಪತ್ರ ಕೊಡಬಾರದು. ಹೂಳು ತೆಗೆಯದ ಇಂಗುಬಾವಿ ಕೆಲವೇ ವರ್ಷಗಳಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಪ್ರತಿ ಮಳೆಗಾಲಕ್ಕೆ ಮುನ್ನ ಮರುತಪಾಸಣೆಯೂ ನಡೆಯಬೇಕು.

ಹೊಸ ಫ್ಲಾಟಿಗೆ ಮುಂಗಡ ಕೊಡಲು ಹೊರಟವರೇ, ಜಿಮ್ ಎಲ್ಲಿ, ಈಜುಕೊಳ ಎಲ್ಲಿ ಎಂದು ಕೇಳುವ ಮೊದಲು ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಬಿಲ್ಡರನ್ನು ಕೇಳಿ. ನಕ್ಷೆಯಲ್ಲಿ ಇಂಗುಬಾವಿ ತೋರಿಸಲು ಹೇಳಿ, ಆಮೇಲೆ ನೆಲದ ಮೇಲೂ ಅದು ಇದೆಯೇ ಎಂದು ಕಣ್ಣಾರೆ ನೋಡಿ. ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ.